ಕಮಲದ ಕೆಳಗಿನ ಮಾತು

ನದಿ ದಂಡೆಯ ಮೇಲೊಂದು ಸಣ್ಣ ಮಠ. ಮಠಕ್ಕೊಂದು ಕಚೇರಿ, ಕಚೇರಿಗೊಂದು ಕಂಪ್ಯೂಟರ್. ಅದನ್ನು ನೋಡಿಕೊಳ್ಳುವವನು ಶಿಷ್ಯ ಕಲ್ಲಿನಾಥ. ದಿನಾ ಬೆಳಗ್ಗೆ ಒಂದು ಕಮಲದ ಚಿತ್ರ ಮಾಡಿ, ಕೆಳಗೆ ನಾಲ್ಕು ನುಡಿ ಬರೆದು, ಮಠದ ಫೋನಿನಿಂದ ವಾಟ್ಸಾಪ್ ಗುಂಪಿನ ಭಕ್ತರಿಗೆಲ್ಲ ಕಳಿಸುತ್ತಿದ್ದ. ಆ ಕಮಲದ ಮೇಲೆ ಅವನಿಗೆ ಭಾರಿ ಜೀವ.

ಒಂದು ಬೇಸಿಗೆಯ ಬೆಳಗ್ಗೆ ಮೇಲಿನ ಅಣೆಕಟ್ಟಿನಿಂದ ಫೋನು ಬಂತು. ಅಲ್ಲಿ ಅಕಾಲದ ಮಳೆ ಸುರಿದಿದೆ, ಗೇಟು ಎತ್ತಿದ್ದೇವೆ, ಮಧ್ಯಾಹ್ನದೊಳಗೆ ನಿಮ್ಮಲ್ಲಿಗೆ ನೀರು ಬರುತ್ತದೆ ಎಂದರು.

ನದಿಯ ಒಣ ಉಸುಕಿನಲ್ಲಿ ಬಾಳವ್ವ ಕಲ್ಲಂಗಡಿ ಹಾಕಿದ್ದಳು. ಸೊಸೆ, ಹಸುಗೂಸು ಎಲ್ಲ ಅಲ್ಲೇ ಗುಡಿಸಲಲ್ಲಿದ್ದರು.

ಗುರು ಮರುಳಯ್ಯನವರನ್ನು ಎಲ್ಲರೂ ಅಪ್ಪಾರು ಅನ್ನುತ್ತಿದ್ದರು. ಪೂಜೆ ಮುಗಿಸಿ ಬಂದವರೇ ಸುದ್ದಿ ತಿಳಿದು ಕೇಳಿದರು.

“ಬಾಳವ್ವಗ ಹೇಳಿದೇನು?”

“ಆಗಲೇ ಕಳಿಸೀನ್ರಿ ಅಪ್ಪಾರ.”

“ಮುಟ್ಟಿತೇನು?”

“ಮುಟ್ಟೇತ್ರಿ. ಆಕಿ ಓದಿದ್ದಕ್ಕ ಎರಡು ನೀಲಿ ಗೆರಿ ಬಿದ್ದಾವು ನೋಡ್ರಿ. ಕೈಮುಗಿದ ಚಿತ್ರಾನೂ ಹಾಕ್ಯಾಳ.”

ಅಪ್ಪಾರು ಫೋನು ನೋಡಲಿಲ್ಲ. ಕಿಟಕಿಯಾಚೆ ನೋಡಿದರು.

“ಮತ್ತ ಆಕಿ ಒಲಿ ಹೊಗಿ ಇನ್ನೂ ಯಾಕ ಏಳಾಕತ್ತೈತಿ?”

ಕಲ್ಲಿನಾಥ ಕಿಟಕಿಗೆ ಬಂದು ನೋಡಿದ. ಉಸುಕಿನ ನಡುವೆ ಹೊಗೆ ನೆಟ್ಟಗೆ ಏಳುತ್ತಿತ್ತು.

“ಏನು ಬರದಿ, ಓದು.”

ಓದಿದ. ಮೊದಲು ಕಮಲ. ಆಮೇಲೆ ಶರಣು ಶರಣಾರ್ಥಿ. ಆಮೇಲೆ ನದಿತಾಯಿಯ ಮಹಿಮೆ. ಆಮೇಲೆ ‘ಸಮಸ್ತ ಸದ್ಭಕ್ತರ ಗಮನಕ್ಕೆ ತರಬಯಸುವುದೇನೆಂದರೆ’. ಓದುತ್ತ ಓದುತ್ತ ಅವನ ದನಿ ಸಣ್ಣಗಾಯಿತು. ನೀರಿನ ಸುದ್ದಿ ಕಟ್ಟಕಡೆಯ ಸಾಲಿನಲ್ಲಿತ್ತು.

“ಮದುವಿ ಗದ್ದಲದಾಗ ತಾಳಿ ಕಟ್ಟೋದು ಮರತಂಗಾತು. ಫೋನ್ ಹಚ್ಚು.”

ಹಚ್ಚಿದ. ಗಂಟೆ ಹೊಡೆದು ಹೊಡೆದು ನಿಂತಿತು. ಅಷ್ಟರಲ್ಲಿ ಅಪ್ಪಾರು ಹೊಸ್ತಿಲು ದಾಟಿಯಾಗಿತ್ತು.

ದಂಡೆಯ ತುದಿಯಲ್ಲಿ ನಿಂತು ಕೂಗಿದರು.

“ಬಾಳವ್ವಾ!”

ಬಳ್ಳಿಗಳ ನಡುವೆ ಬಗ್ಗಿದ್ದವಳು ತಲೆ ಎತ್ತಿ “ಓ” ಅಂದಳು. ಆ ಓ ಬರುವ ತನಕ ಅಪ್ಪಾರು ಮುಂದಿನ ಮಾತೆತ್ತಲಿಲ್ಲ.

“ನೀರು ಬರ್ತೈತಿ. ಕೂಸು ತಗೊಂಡು ಈಗಿಂದೀಗ ಮ್ಯಾಲ ಬಾ.”

ಬಾಳವ್ವ ದೂರದಿಂದಲೇ ಕೈಮುಗಿದಳು. ಕಲ್ಲಿನಾಥ ಸದ್ಯ ಆಯಿತೆಂದು ಹಿಂದಕ್ಕೆ ತಿರುಗಿದ. ಅಪ್ಪಾರು ಅವನ ಹೆಗಲವಸ್ತ್ರ ಹಿಡಿದು ನಿಲ್ಲಿಸಿದರು.

“ನಾ ಏನಂದೆ, ತಿರುಗಿ ಹೇಳವ್ವಾ.”

“ನೀರು ಬರ್ತೈತಿ, ಕೂಸು ತಗೊಂಡು...”

ಮಾತು ಅಲ್ಲಿಗೇ ನಿಂತಿತು. ಬಾಳವ್ವ ಕಾಲ ಬಳಿಯ ಬುಟ್ಟಿ ಅಲ್ಲೇ ಬಿಟ್ಟು ಗುಡಿಸಲ ಕಡೆ ಓಡಿದಳು.

ಅವರು ಮೂವರೂ ದಂಡೆ ಹತ್ತಿ ಕೂತು ಸುಧಾರಿಸಿಕೊಳ್ಳುವಷ್ಟರಲ್ಲಿ ಕೆಂಪು ನೀರು ಬಂತು. ಗುಡಿಸಲು ಹೋಯಿತು. ಕಲ್ಲಂಗಡಿ ತೇಲಿಕೊಂಡು ಹೋದವು. ಬಾಳವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಕಲ್ಲಿನಾಥನ ಮುಖ ನೋಡಿದಳು.

“ನಿನ್ನ ಕಮಲ ನೋಡಿದ್ನೆಪಾ. ದಿನದಂಗ ಚಂದಿತ್ತು. ಕೈಮುಗದು ಫೋನ್ ಗುಡಿಸಲದಾಗ ಇಟ್ಟೆ.”

ಇದಕ್ಕಿಂತ ಅವಳು ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಸಂಜೆ ಅವನು ಫೋನು ತಂದು ಗುರುಗಳ ಕಾಲ ಬಳಿ ಇಟ್ಟ.

“ನನಗ ಇದರ ಸಹವಾಸ ಬ್ಯಾಡ್ರಿ ಅಪ್ಪಾರ.”

“ಅದೇನು ಮಾಡೇತಿ, ಪಾಪ? ನನ್ನ ದನಿ ಈ ಉಸುಕು ದಾಟೋದ ಕಷ್ಟ. ಅದು ಊರೂರು ದಾಟ್ತೈತಿ. ತಗೋ.”

ಕಲ್ಲಿನಾಥ ತಗೊಂಡ. ತಲೆ ಮಾತ್ರ ಎತ್ತಲಿಲ್ಲ.

“ಹಂಗಾದ್ರ ಕಮಲ ಬಿಟ್ಟುಬಿಡ್ಲೇನ್ರಿ?”

“ಯಾಕ ಬಿಡ್ತಿ? ಮೊದಲು ನೀರು ಬರ್ತೈತಿ ಅನ್ನು. ಆಕಿ ಓ ಅಂದು ದಂಡಿ ಹತ್ತಲಿ. ಆಮ್ಯಾಲ ಕಮಲ ಕೊಡು.”