ನಾಯಿ ಮಲಗುವ ಮುಂಚೆ ಸುತ್ತುವುದೇಕೆ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಯಾವ ಗುಡ್ಡ ಎಲ್ಲಿ ಕೂರಬೇಕು, ಯಾವ ಹಳ್ಳ ಎತ್ತ ಹರಿಯಬೇಕು ಎಂಬುದೇ ಇನ್ನೂ ತೀರ್ಮಾನವಾಗಿರಲಿಲ್ಲ. ಆಗ ನಾಯಿಗಳು ನಿದ್ದೆ ಬಂದಲ್ಲಿ ದೊಪ್ಪನೆ ಬಿದ್ದು ಮಲಗುತ್ತಿದ್ದವು. ಸುತ್ತುವುದು ಗಿತ್ತುವುದು ಏನೂ ಇರಲಿಲ್ಲ.

ಆ ಕಾಲದಲ್ಲಿ ಮಾಳವ್ವ ಎಂಬ ಹೆಂಗಸಿದ್ದಳು. ಅವಳ ಮಂದಿ ಕುರಿಗಾರರು, ಹುಲ್ಲಿದ್ದಲ್ಲಿಗೆ ಕುರಿ ಹೊಡೆದುಕೊಂಡು ಹೋಗುವವರು. ಒಂದು ದಿನ ನೀರಿಗೆಂದು ಹಳ್ಳಕ್ಕೆ ಹೋದರೆ, ಕಲ್ಲಿನ ಸಂದಿಯಲ್ಲಿ ಒಂದು ನಾಯಿಮರಿ ಕುಂಯ್‌ಗುಡುತ್ತಿತ್ತು. ಬೊಗಸೆ ತುಂಬುವಷ್ಟೂ ಇರಲಿಲ್ಲ.

"ಇದರವ್ವನ್ನ ನಾನ ಒಯ್ದೆ," ಎಂದಿತು ಹಳ್ಳ, ತಗ್ಗಿದ ದನಿಯಲ್ಲಿ. "ನೆರಿ ಬಂದಾಗ ನನಗ ಖಬರ ಇರಂಗಿಲ್ಲ. ಎತ್ತಿಕೊಂಡ್ರ ಪೂರಾ ಎತ್ತಿಕೋ ಯವ್ವಾ. ಅರ್ಧದಾಗ ಇಳಸಬ್ಯಾಡ."

"ಇಷ್ಟ ಇಷ್ಟು ಮರಿ, ಎಷ್ಟು ಕುಡದೀತು?" ಎಂದು ಮಾಳವ್ವ ನಕ್ಕಳು.

"ನಾ ಹೊಟ್ಟಿ ಮಾತು ಆಡಲಿಲ್ಲ," ಎಂದಿತು ಹಳ್ಳ. ಅಷ್ಟರಲ್ಲಿ ಅವಳು ಮರಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟಾಗಿತ್ತು.

ಹಾಗಂತ ಅವಳು ಕೆಟ್ಟವಳಲ್ಲ. ಬಟ್ಟೆಯ ತುದಿಯನ್ನು ಕುರಿಹಾಲಿನಲ್ಲಿ ಅದ್ದಿ ಚೀಪಿಸಿದಳು. ಮೈಗೆ ಕಚ್ಚಿದ್ದ ಉಣ್ಣಿಹುಳ ಹೆಕ್ಕಿದಳು. ತನ್ನ ಕಂಬಳಿಯ ಅಂಚಿನಲ್ಲೇ ಮಲಗಿಸಿಕೊಂಡಳು. ಮರಿಗೆ ಕಂಬಳಿಯೇ ಲೋಕವಾಯಿತು, ಮಾಳವ್ವನೇ ತಾಯಿಯಾದಳು. ಅದು ಮರಿಗೆ ಗೊತ್ತಿತ್ತು. ಮಾಳವ್ವನಿಗೆ ಅಷ್ಟಾಗಿ ಗೊತ್ತಿರಲಿಲ್ಲ.

ಕುರಿಗಾರರಲ್ಲಿ ಒಂದು ರೂಢಿಯಿತ್ತು. ಬಿಡಾರ ಎತ್ತುವಾಗ ಎಳೆ ಕುರಿಮರಿಗಳನ್ನು ಹಗ್ಗದ ಜಾಳಿಗೆ ಚೀಲದಲ್ಲಿ ಹಾಕಿ ಕುದುರೆಯ ಮೇಲೆ ಹೊರಿಸುತ್ತಿದ್ದರು. ಯಾವ ಮರಿ ಬಂತು, ಯಾವುದು ಉಳಿಯಿತು ಎಂದು ಯಾರೂ ನೋಡುತ್ತಿರಲಿಲ್ಲ. ನೋಡುವ ಅಗತ್ಯವೇ ಇರಲಿಲ್ಲ. ಮರಿ ಉಳಿದರೆ ತಾಯಿಕುರಿ ಹೆಜ್ಜೆ ಕಿತ್ತಿಡದೆ ಅರಚುತ್ತಿತ್ತು. ಆಗ ಯಾರಾದರೂ ಓಡಿಹೋಗಿ ಮರಿ ತರುತ್ತಿದ್ದರು.

ಒಂದು ಮುಂಜಾನೆ ಮೋಡ ಕಟ್ಟಿತು. ಗಡಿಬಿಡಿಯಲ್ಲಿ ಬಿಡಾರ ಎತ್ತಿದರು. ಮಾಳವ್ವ ಕಂಬಳಿ ಮಡಚಿ ಹೆಗಲಿಗೆ ಹಾಕಿಕೊಂಡಳು. ಮರಿ ಅಲ್ಲೇ ಪೊದೆಯ ಹಿಂದೆ ಮಿಡತೆ ಹಿಡಿಯುತ್ತಿತ್ತು.

ದಾರಿಯಲ್ಲಿ ಯಾವ ಕುರಿಯೂ ಅರಚಲಿಲ್ಲ. ನಾಯಿಮರಿಯೂ ಜಾಳಿಗೆಯಲ್ಲೇ ಇದೆ ಎಂದುಕೊಂಡು ಮಾಳವ್ವನೂ ಎಲ್ಲರ ಹಾಗೆ ನಿಶ್ಚಿಂತೆಯಿಂದ ನಡೆದಳು.

ಸಂಜೆ ಹೊಸ ಬಿಡಾರದಲ್ಲಿ ಬಟ್ಟೆಯನ್ನು ಹಾಲಿನಲ್ಲಿ ಅದ್ದಿ ಜಾಳಿಗೆಗೆ ಕೈ ಹಾಕಿದಳು. ಬರೀ ಕುರಿಮರಿಗಳು. ನಾಯಿಮರಿ ಇರಲಿಲ್ಲ.

"ನೀ ಯಾಕ ಒದರಲಿಲ್ಲ?" ಎಂದು ಹತ್ತಿರವಿದ್ದ ಕರಿಕುರಿಯನ್ನು ಕೇಳಿದಳು.

ಕುರಿ ಮೆಲುಕು ನಿಲ್ಲಿಸಿತು. "ನನ್ನ ಮರಿ ನಾ ನೋಡಿಕೊಂಡೆ. ಅದರವ್ವ ನೀನಲ್ಲೇನು?"

ಮಾಳವ್ವ ಬಂದ ದಾರಿ ಹಿಡಿದು ಓಡಿದಳು. ಎದುರಿಗೆ ಬಂದ ಗಾಳಿ, "ಲಗೂನ ನಡಿ ಯವ್ವಾ. ನೀ ಕಂಬಳಿ ಹಾಸಿದ್ದ ಜಾಗಾದಾಗ ನಿನ್ನ ಮರಿ ಸುತ್ತಾಕ ಹತ್ತೇತಿ. ನೆಲದಾಗ ನಿನ್ನ ವಾಸನಿ ಇನ್ನೂ ಐತಿ. ಬೆಚ್ಚಗಿಂದು ಎಲ್ಲೈತಿ ಅಂತ ಹುಡುಕತೈತಿ. ಮೂಸತೈತಿ, ಸುತ್ತತೈತಿ, ಮತ್ತ ಮೂಸತೈತಿ," ಎಂದಿತು.

ಬೆಳಗಾಗುವ ಹೊತ್ತಿಗೆ ಅವಳು ತಲುಪಿದಳು. ಅಲ್ಲಿ ಹುಲ್ಲು ಸವೆದು ದುಂಡಗಾಗಿತ್ತು. ಮರಿ ಮಳೆಯಲ್ಲಿ ತೊಯ್ದು ಇನ್ನೂ ಸುತ್ತುತ್ತಲೇ ಇತ್ತು. ಮಾಳವ್ವ ಕರೆದಳು. ಅದು ಓಡಿ ಬರಲಿಲ್ಲ. ಬಾಲವನ್ನೂ ಆಡಿಸಲಿಲ್ಲ. ಅವಳು ಹೆಗಲ ಮೇಲಿದ್ದ ಕಂಬಳಿ ಹಾಸಿದಳು. ಮರಿ ಅದರ ಮೇಲೂ ಸುತ್ತಿತು, ಮೂಸಿತು, ಮತ್ತೆ ಸುತ್ತಿತು. ಮಾಳವ್ವ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತಳು.

ಆಮೇಲೆ ಅವಳು ಒಂದು ದಿನವೂ ಅದನ್ನು ಮರೆಯಲಿಲ್ಲ. ಮೊದಲು ಮರಿಯನ್ನು ಎತ್ತಿಕೊಂಡು ಆಮೇಲೆ ಕಂಬಳಿ ಮಡಚುತ್ತಿದ್ದಳು. ಮರಿ ದೊಡ್ಡ ನಾಯಿಯಾಯಿತು, ಅವಳ ಕುರಿ ಕಾಯಿತು, ಅವಳ ಕೈಯಿಂದಲೇ ಉಂಡಿತು. ಆದರೆ ಮಲಗುವ ಹೊತ್ತಿಗೆ ಮಾತ್ರ ಸುತ್ತದೆ ಮಲಗಲಿಲ್ಲ. "ಇಲ್ಲೇ ಅದೀನಿ ಬಾ," ಎಂದು ಮಾಳವ್ವ ಪ್ರತಿಸಲವೂ ಹೇಳುತ್ತಿದ್ದಳು. ಅದು ಕೇಳಿಸಿಕೊಳ್ಳುತ್ತಿತ್ತು. ಆದರೂ ಸುತ್ತುತ್ತಿತ್ತು. ಅವಳ ತಲೆ ನರೆತರೂ ಆ ಸುತ್ತು ನಿಲ್ಲಲಿಲ್ಲ. ಅದರ ಮರಿಗಳು ತಾಯಿಯನ್ನು ನೋಡಿ ಕಲಿತವು, ಆ ಮರಿಗಳ ಮರಿಗಳೂ ಕಲಿತವು.

ಅದಕ್ಕೇ ಕಂದಾ, ನಿನ್ನೆ ನೀನು ಎತ್ತಿಕೊಂಡು ಬಂದ ಆ ಪುಟ್ಟ ಮರಿ ಗೋಣಿಚೀಲದ ಮೇಲೆ ಸುತ್ತಿ ಸುತ್ತಿ, ನಿನ್ನ ಮುಖವನ್ನೊಮ್ಮೆ ನೋಡಿ, ಆಮೇಲೆ ಮಲಗಿದ್ದು.