ಕಲ್ಲುಮನೆಯ ಪ್ರಶ್ನೆ

ಕಡಗೂರಿನ ಬೀದಿಗಳಲ್ಲಿ ಡಂಗುರ ಸಾರಿದ್ದು ಹೀಗೆ: “ಕೇಳಿರಪ್ಪಾ ಕೇಳಿ. ದೊರೆ ಬೊಮ್ಮರಸರ ಮಗಳು ಸಿರಿಯಾಜಿ ಅಸಹಜವಾಗಿ ನಡೆದುಕೊಳ್ಳುತ್ತಿದ್ದಾಳೆ. ಅವಳ ನಡೆಯಲ್ಲಿ ಮೂರು ಒಗಟುಗಳಿವೆ. ಬಿಡಿಸಿದವನು ಕೇಳಿದ್ದನ್ನು ದೊರೆ ಕೊಡುತ್ತಾರೆ. ತಪ್ಪಿದವನ ತಲೆ ಹೋಗುತ್ತದೆ. ಅಮಾವಾಸ್ಯೆಯೊಳಗೆ ಯಾರೂ ಬಿಡಿಸದಿದ್ದರೆ ಅವಳು ಕಲ್ಲುಮನೆಗೆ.”

ಕಲ್ಲುಮನೆ ಇದ್ದದ್ದು ಕೋಟೆಯೊಳಗೆ. ಅರಮನೆಯ ಕರಣಿಕ ಯಾರ ಹೆಸರಿನ ಮುಂದೆ ‘ಅಸಹಜವಾಗಿ’ ಎಂದು ಬರೆದರೂ ಸಾಕು, ಅವರು ಅಲ್ಲಿಗೆ ಸೇರುತ್ತಿದ್ದರು. ಮಡಿವಾಳರ ಮಾಚನ ಅಕ್ಕ ಕೆಂಪಿ, ರಾಣಿಯ ದಾಸಿ, ಅಲ್ಲಿ ಸೇರಿ ಎಂಟು ತಿಂಗಳಾಗಿತ್ತು. ಅವಳು ಮಾಡಿದ್ದು ಇಷ್ಟೇ: ರಾಣಿ ಸತ್ತ ಮೂರನೇ ದಿನ ಅರಮನೆಯ ಅನ್ನ ಮುಟ್ಟಲಾರೆ ಎಂದಿದ್ದಳು. ತಾಯಿಯಂತೆ ಸಾಕಿದ ಆ ಅಕ್ಕನನ್ನು ಹೊರಗೆ ತರಬೇಕೆಂಬುದೊಂದೇ ಮಾಚನ ಆಸೆ.

ಸಭೆ ಕೂಡಿತು. ದೊರೆಯೇ ಒಗಟು ಹೇಳಿದ. “ನನ್ನ ಮಗಳು ಮೊದಲ ತುತ್ತನ್ನು ಬೆಕ್ಕಿಗೆ ಹಾಕಿ, ಅದು ಮೈ ನೆಕ್ಕಿಕೊಂಡು ಎದ್ದು ಹೋಗುವವರೆಗೆ ಕಾಯುತ್ತಾಳೆ. ಕಾಲಂದುಗೆಗೆ ಬಟ್ಟೆ ಸುತ್ತಿಕೊಂಡು ಸದ್ದಿಲ್ಲದೆ ಓಡಾಡುತ್ತಾಳೆ. ಹೆತ್ತ ತಂದೆ ತಲೆ ನೇವರಿಸಿದರೆ ಎದ್ದುಹೋಗಿ ತಲೆಗೆ ನೀರು ಹಾಕಿಕೊಳ್ಳುತ್ತಾಳೆ. ಏಕೆ?”

ಬಂಕಾಪುರದಿಂದ ಬಂದ ರಾಜಕುಮಾರ ಹುಣಸೆಮರದ ದೆವ್ವ ಹಿಡಿದಿದೆ ಎಂದ. ಅವನ ತಲೆ ಹೋಯಿತು. ಎರಡನೆಯವನು ಪಿತ್ತ ನೆತ್ತಿಗೇರಿದೆ ಎಂದು ಶ್ಲೋಕ ಹೇಳಿದ. ಅವನದೂ ಹೋಯಿತು. ದೊರೆಗೆ ಬೇಜಾರೇನೂ ಆದಂತಿರಲಿಲ್ಲ. ಒಂದೊಂದು ತಪ್ಪು ಉತ್ತರ ಬಂದಾಗಲೂ ಮಗಳ ಹುಚ್ಚು ಊರವರ ಬಾಯಲ್ಲಿ ಇನ್ನಷ್ಟು ಗಟ್ಟಿಯಾಗುತ್ತಿತ್ತು. ಸಿರಿಯಾಜಿ ಕಂಬದ ಪಕ್ಕದಲ್ಲಿ ನಿಂತು ಎಲ್ಲ ಕೇಳುತ್ತಿದ್ದಳು. ಅವಳನ್ನೇ ಒಂದು ಮಾತು ಕೇಳಬಹುದೆಂದು ಆ ತುಂಬಿದ ಸಭೆಯಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

ಕೊನೆಗೆ ಮಾಚ ಎದ್ದ. “ಬುದ್ಧೀ, ನಾನು ಬಟ್ಟೆ ಒಗೆಯೋನು. ಬಟ್ಟೆ ಹೇಳಿದ್ದನ್ನ ಹೇಳ್ತೀನಿ.”

“ಹೇಳು.”

“ಬೆಕ್ಕಿಗೆ ಹಾಕೋದು ಅನ್ನದಲ್ಲಿ ವಿಷ ಇದೆಯಾ ನೋಡೋಕೆ. ರಾಣೀರು ಸತ್ತ ದಿನ ಉಟ್ಟಿದ್ದ ಸೀರೆ ನನ್ನ ಕೈಗೆ ಬಂದಿತ್ತು. ವಾಂತಿಯ ಹಸಿರು ಕಲೆ. ಮೂರು ಸಲ ಉಬ್ಬೆಗೆ ಹಾಕಿ ಬೇಯಿಸಿದರೂ ಹೋಗಲಿಲ್ಲ.”

ಮಾಚ ಸಿರಿಯಾಜಿಯ ಕಾಲಿನ ಕಡೆ ನೋಡಿದ.

“ಅಂದುಗೆಗೆ ಬಟ್ಟೆ ಸುತ್ತೋದು, ತಾನೆಲ್ಲಿದ್ದೀನಿ ಅಂತ ಮನೇಲಿರೋ ಕೊಲೆಗಾರನಿಗೆ ಗೊತ್ತಾಗಬಾರದು ಅಂತ.”

“ಮೂರನೆಯದು?” ದೊರೆಯ ದನಿ ತಣ್ಣಗಿತ್ತು.

ಮಾಚ ಲೆಕ್ಕ ಹಾಕಿದ. ಹೇಳದಿದ್ದರೆ ತಲೆ ಹೋಗುತ್ತದೆ. ಹೇಳಿದರೆ ಅಕ್ಕ ಸಿಗುತ್ತಾಳೆ. ಡಂಗುರ ಹೊಡೆಸಿ ಕೊಟ್ಟ ಮಾತನ್ನು ದೊರೆ ಮುರಿಯಲಾರ ಎಂದು ಅವನು ನಂಬಿದ್ದ, ಪಾಪ.

“ಅದೇ ದಿನ ತಮ್ಮ ಶಲ್ಯಾನೂ ಒಗೆಯೋಕೆ ಬಂದಿತ್ತು, ಬುದ್ಧಿ. ಅಂಚಿನಲ್ಲಿ ಅದೇ ಹಸಿರು ಕಲೆ, ಆದರೆ ವಾಂತಿಯದಲ್ಲ, ಅರೆದ ವಿಷದ್ದು. ಹೆತ್ತ ತಾಯಿಗೆ ವಿಷ ಬಡಿಸಿದ ಕೈ ತಲೆ ಮೇಲೆ ಬಿದ್ದರೆ ಯಾವ ಮಗಳು ತಾನೆ ತೊಳಕೊಳ್ಳಲ್ಲ?”

ದೊರೆ ಕೇಳಿದ, “ನಿನಗೇನು ಬೇಕು?”

“ನಮ್ಮಕ್ಕ ನನ್ನ ಜೊತೆ ಇರಬೇಕು. ಅಷ್ಟೇ ಸಾಕು.”

“ಕೊಟ್ಟೆ,” ಎಂದ ದೊರೆ. ಆಮೇಲೆ ಕರಣಿಕನ ಕಡೆ ತಿರುಗಿದ. “ಬರೆದುಕೋ. ಮಡಿವಾಳರ ಮಾಚ ತುಂಬಿದ ಸಭೆಯಲ್ಲಿ ಅಸಹಜವಾಗಿ ಮಾತಾಡಿದ. ಅವನ ಅಕ್ಕ ಇರುವಲ್ಲಿಗೇ ಅವನನ್ನು ಸೇರಿಸಿ. ರಾಜಕುಮಾರಿಯನ್ನೂ.”

ಎಲ್ಲರೂ ಕೇಳಿಸಿಕೊಂಡಿದ್ದರು. ಎಲ್ಲರಿಗೂ ಅರ್ಥವಾಗಿತ್ತು. ಎಲ್ಲರೂ ತಲೆ ತಗ್ಗಿಸಿ ಸಹಜವಾಗಿ ಕುಳಿತಿದ್ದರು.

ಸಿರಿಯಾಜಿ ಬಗ್ಗಿ ಅಂದುಗೆಗೆ ಸುತ್ತಿದ ಬಟ್ಟೆ ಬಿಚ್ಚಿ ಎಸೆದಳು. ಇನ್ನು ಬಚ್ಚಿಡುವುದೇನೂ ಇರಲಿಲ್ಲ. ಸಭೆಯ ನಡುವೆ ಝಣಝಣ ಸದ್ದು ಮಾಡುತ್ತ ಮಾಚನ ಪಕ್ಕದಲ್ಲೇ ನಡೆದು ಹೋದಳು.

ಕಲ್ಲುಮನೆಯ ಬಾಗಿಲು ಹಿಂದೆ ಮುಚ್ಚಿತು. ಒಳಗಿನ ಮಬ್ಬಿನಲ್ಲಿ ಕೆಂಪಿ ಎದ್ದು ಬಂದು, ತಮ್ಮನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಏಕೆ ಬಂದೆ ಎಂದು ಕೇಳಲಿಲ್ಲ. ಅಲ್ಲಿದ್ದವರೆಲ್ಲ ಹೊಸಬರನ್ನು ಕೇಳುತ್ತಿದ್ದುದು ಒಂದೇ ಪ್ರಶ್ನೆ. ಅವಳೂ ಅದನ್ನೇ ಕೇಳಿದಳು.

“ನೀನೇನು ಕಂಡ್ಯೋ, ಮಾಚಾ?”