ಸದ್ದಿಲ್ಲದೆ ಬಂದ ಕಾರು

“ಬುದ್ಧಿ, ಮೊದಲೆಲ್ಲ ಪೂಜೆಗೆ ಕೂತರೆ ಎದೆ ದಡದಡ ಬಡಿದುಕೊಳ್ಳುತ್ತಿತ್ತು, ಕಣ್ಣೀರು ಸುರಿಯುತ್ತಿತ್ತು. ಈಗ ಏನೂ ಇಲ್ಲ, ಬರೀ ಮೌನ. ಶಿವ ನನ್ನನ್ನು ಬಿಟ್ಟು ಹೋದನೇ?” ಎಂದು ಚನ್ನಮಲ್ಲನೆಂಬ ಶಿಷ್ಯ ಕೇಳಿದ. ಕೇಳುತ್ತಲೇ ಅಳತೊಡಗಿದ.

ಗುರುಗಳು ಗದರಿದರು. “ಅತ್ತು ರಂಪ ಮಾಡಬೇಡ. ಕೂತು ಕೇಳು.

“ಒಬ್ಬ ಡ್ರೈವರ್ ಇದ್ದ. ಬಾಡಿಗೆಗೆ ಓಡಿಸುವ ಹಳೆಯ ಕಾರು ಅವನದು. ಅದರ ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿತ್ತು. ಅಬ್ಬಬ್ಬಾ, ಏನು ಸದ್ದು! ಕಾರು ಕೆರೆ ಏರಿಯ ಮೇಲೆ ಬಂದರೆ ಊರಿಗೆಲ್ಲ ಕೇಳುತ್ತಿತ್ತು. ಜನ ಬೈಯುತ್ತಿದ್ದರು. ಅವನ ಹೆಂಡತಿ ಮಾತ್ರ ಒಂದು ದಿನವೂ ಬೈಯಲಿಲ್ಲ. ಸದ್ದು ಕಿವಿಗೆ ಬಿದ್ದ ಕೂಡಲೇ ಒಲೆ ಹೊತ್ತಿಸಿ ರೊಟ್ಟಿ ತಟ್ಟುತ್ತಿದ್ದಳು. ಅವನು ಕಾಲು ತೊಳೆದು ಬರುವಷ್ಟರಲ್ಲಿ ತಟ್ಟೆಗೆ ಬಿಸಿ ರೊಟ್ಟಿ ಬೀಳುತ್ತಿತ್ತು. ನಾನು ಬರುವುದು ಇವಳಿಗೆ ಹೇಗೆ ಗೊತ್ತಾಗುತ್ತದೆ ಎಂದು ಆ ಪುಣ್ಯಾತ್ಮ ಯೋಚಿಸಿದವನೇ ಅಲ್ಲ.

“ಒಮ್ಮೆ ಅವಳು ತವರಿಗೆ ಹೋದಳು. ಅವನು ಹೊಸ ಸೈಲೆನ್ಸರ್ ತಂದ. ಮನೆ ಮುಂದೆಯೇ ಕಾರಿಗೆ ಜಾಕ್ ಕೊಟ್ಟು ಕೆಳಗೆ ಮಲಗಿದ. ತುಕ್ಕು ಹಿಡಿದ ಬೋಲ್ಟುಗಳು ಜಪ್ಪಯ್ಯ ಅಂದರೂ ಬಿಡಲಿಲ್ಲ. ಸೀಮೆಎಣ್ಣೆ ಬಿಟ್ಟು, ಕಾದು, ಕೈ ತರಚಿಕೊಂಡು ಹೇಗೋ ಬಿಚ್ಚಿದ. ಹೊಸದನ್ನು ಕೂರಿಸಿದ. ಕಾರು ಸದ್ದೇ ಇಲ್ಲದೆ ಓಡಿತು. ಅವಳು ಬಂದು ನೋಡಿ ಎಷ್ಟು ಬೆರಗಾಗುತ್ತಾಳೋ ಎಂದು ಹಿಗ್ಗಿದ.

“ಅವಳು ಮರಳುವ ದಿನ ಅವನು ಬಾಡಿಗೆಗೆ ಹೋಗಿದ್ದ. ಅವಳ ಮುಖ ನೋಡುವ ಆಸೆಗೆ ಹೊತ್ತಿಗೆ ಮುಂಚೆಯೇ ಬಂದ. ಬಂದರೆ, ಅವಳ ಬ್ಯಾಗು ಇದೆ, ಅವಳಿಲ್ಲ. ಒಲೆ ತಣ್ಣಗಿದೆ. ‘ತವರು ಕಂಡವಳಿಗೆ ನಾನು ಬೇಡವಾದೆ’ ಎಂದುಕೊಂಡ. ಕೂಗಿ ಕರೆಯಲು ಬಿಗುಮಾನ. ಹಸಿದುಕೊಂಡೇ ಜಗಲಿಯ ಮೇಲೆ ಕುಳಿತ.

“ಅವಳು ಹಿತ್ತಲಲ್ಲಿದ್ದಳು. ಏರಿಯ ಕಡೆಗೆ ಕಿವಿಕೊಟ್ಟು ಕುಳಿತಿದ್ದಳು. ಕಲಸಿಟ್ಟ ಹಿಟ್ಟು ಒಣಗುತ್ತಿತ್ತು. ಸಂಜೆಯಾಯಿತು, ಕತ್ತಲಾಗುತ್ತ ಬಂತು. ‘ಇನ್ನೂ ಬರಲಿಲ್ಲವಲ್ಲ, ಏನಾಯಿತೋ ದೇವರೇ’ ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ಅವನಿಗೆ ಅವಳದೇ ಹಂಬಲ, ಅವಳಿಗೆ ಅವನದೇ ಹಂಬಲ. ಒಂದೇ ಮನೆಯಲ್ಲಿ ಇಬ್ಬರೂ ಕಾಯುತ್ತ ಕುಳಿತಿದ್ದರು.”

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಚನ್ನಮಲ್ಲನಿಗೆ ತಡೆಯಲಾಗಲಿಲ್ಲ.

“ಅಯ್ಯೋ, ಆಮೇಲೆ ಬುದ್ಧಿ? ಅವಳಿಗೆ ಕೇಳಲೆಂದು ಹಳೆಯ ಸೈಲೆನ್ಸರನ್ನೇ ಮತ್ತೆ ಹಾಕಿದನೇ?”

“ತೂತು ಬಿದ್ದದ್ದನ್ನು ಯಾರಾದರೂ ಮತ್ತೆ ಹಾಕುತ್ತಾರೇನೋ, ಮಂಕೇ! ಅವನು ಬಂದಾಗಿದೆ, ನೀನು ಹಿತ್ತಲಿನಿಂದ ಎದ್ದು ಒಳಗೆ ಬಾ.”